ಒಡಿಲ್ ಎಸೆದ ಲಾಬ್‌ಸ್ಟರ್‌ಗಳು

ನಮ್ಮ ಬಂದರಿನಲ್ಲಿ ತೆಯೋಫಿಲ್ ಸುರೆಟ್‌ನಷ್ಟು ದೊಡ್ಡ ದನಿಯವನು ಇನ್ನೊಬ್ಬನಿಲ್ಲ. ಅವನು ಅಡುಗೆಮನೆಯಲ್ಲಿ ಸೀನಿದರೆ ನೋವಾಸ್ಕೋಷಿಯಾದ ಅರ್ಧ ಕರಾವಳಿಯ ದೋಣಿಗಳ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಸುಳ್ಳು ಎನ್ನುವವರು ಬಂದು ಹಗ್ಗಗಳನ್ನೇ ಕೇಳಲಿ. ಅಂಥ ಗಂಡಸು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಒಂದೇ ಒಂದು ಹಾಳೆ ಕಾಗದಕ್ಕೆ ಹೆದರಿ ಕುರ್ಚಿಗೆ ಅಂಟಿಕೊಂಡಿದ್ದ.

ಕಾಗದ ಬಂದದ್ದು ನಾಲ್ಕು ವರ್ಷದ ಮೊಮ್ಮಗಳು ಒಡಿಲ್‌ಳ ಶಿಶುವಿಹಾರದಿಂದ. ಚಿಕ್ಕ ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ತಿಳಿಯಲು ವಿಶ್ವವಿದ್ಯಾಲಯದವರು ಬರುತ್ತಾರಂತೆ, ಒಪ್ಪಿಗೆಯಿದ್ದರೆ ಸಹಿ ಮಾಡಬೇಕಂತೆ.

ಒಡಿಲ್‌ಳ ತಾಯಿ ಡೆಲ್ಫೀನ್ ದೋಣಿಯ ಯಜಮಾನಿ. ಕೋಳಿಗೂ ಮೊದಲೇ ಎದ್ದು ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಬೋನು ಎತ್ತಲು ಕಡಲಿಗೆ ಹೋಗುವವಳು. ಹೊರಡುವಾಗ ಹೇಳಿಹೋಗಿದ್ದಳು: "ಅಪ್ಪಾ, ನನಗೇನೋ ಒಳ್ಳೇದು ಅನ್ನಿಸುತ್ತೆ. ಆದರೆ ಮಗೂನ ಕರಕೊಂಡು ಹೋಗೋನು ನೀನು. ನೀನು ಹೂಂ ಅಂದರೆ ಸಹಿ ಹಾಕ್ತೀನಿ."

ತೆಯೋ ಹೂಂ ಅನ್ನಲಿಲ್ಲ. ಹತ್ತು ಗಂಟೆಗೆ ಪಕ್ಕದ ಮನೆಯ ಮರ್ಲೀನ್ ಬಾಗಿಲು ತಟ್ಟದೆಯೇ ಒಳಗೆ ಬಂದಳು. ಇಪ್ಪತ್ತು ವರ್ಷದಿಂದ ಶಿಶುವಿಹಾರ ನಡೆಸುತ್ತಿರುವವಳು ಅವಳೇ.

"ಏನಪ್ಪಾ, ಕಾಗದದ ಮೇಲೆ ಮೊಟ್ಟೆ ಇಡ್ತಾ ಕೂತಿದ್ದೀಯಾ?"

"ನನ್ನ ಮೊಮ್ಮಗಳು ಇಲಿ ಅಲ್ಲ ಮರ್ಲೀನ್, ಬೋನಿಗೆ ಹಾಕಿ ನೋಡೋಕೆ."

"ಇಲಿಯ ಅಜ್ಜ ಕೂಡ ನಿನ್ನಷ್ಟು ಕಿರುಚಲ್ಲ. ನಿಜ ಹೇಳು, ಯಾತಕ್ಕೆ ಹೆದರಿಕೆ?"

ತೆಯೋನ ದನಿ ತಗ್ಗಿತು. "ಪರೀಕ್ಷೆ ಮಾಡ್ತಾರೆ. ಅವಳು ಹೊಸಬರ ಮುಂದೆ ತುಟಿ ಬಿಚ್ಚಲ್ಲ. 'ಮಂಕು' ಅಂತ ಬರೆದುಬಿಡ್ತಾರೆ. ದೊಡ್ಡ ಸ್ಕೂಲಿಗೆ ಅವಳು ಕಾಲಿಡೋ ಮೊದಲೇ ಆ ಮಾತು ಅಲ್ಲಿ ಹೋಗಿ ಕೂತಿರುತ್ತೆ. ನನಗೆ ಆದ ಹಾಗೆ."

ಅವನಿಗೆ ಏನಾಗಿತ್ತೆಂದರೆ, ಆರು ವರ್ಷದ ತೆಯೋನನ್ನು ಮೇಷ್ಟ್ರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ್ದರು. ಅವನಿಗೆ ಬರುತ್ತಿದ್ದುದು ಮನೆಮಾತು ಫ್ರೆಂಚ್ ಒಂದೇ. ಸುಮ್ಮನೆ ನಿಂತ. ಮೇಷ್ಟ್ರು 'ಮಂಕು' ಎಂದು ಬರೆದರು, ಮೂರು ವರ್ಷ ಅವನಿಗೆ ಕೊನೆಯ ಬೆಂಚೇ ಗತಿಯಾಯಿತು. ಅಲ್ಲಿ ಕೂತು ಅವನು ಕಿಟಕಿಯಾಚೆ ಹಾದುಹೋದ ಒಂಬತ್ತು ಸಾವಿರ ಕಡಲ ಹಕ್ಕಿಗಳಿಗೆ ಹೆಸರಿಟ್ಟಿದ್ದಾನೆ. ಊರಿಗೆಲ್ಲ ಕೇಳುವಂತೆ ಎಲ್ಲವನ್ನೂ ಹೇಳುವ ತೆಯೋ ಇದೊಂದನ್ನು ಮಾತ್ರ ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ಮರ್ಲೀನ್ ತಮಾಷೆ ಬಿಟ್ಟು ಎದುರಿಗೆ ಕೂತಳು. "ಕೇಳಿಲ್ಲಿ. ಇದರಲ್ಲಿ ಪಾಸು, ಫೇಲು ಇಲ್ಲ. ಆಟ ಆಡಿಸ್ತಾರೆ, ನೋಡ್ತಾರೆ. ಹಾಳೆ ಮೇಲೆ ಹೆಸರಿರಲ್ಲ, ನಂಬರು ಅಷ್ಟೇ. ಸ್ಕೂಲಿಗೆ ಕೊಡಲ್ಲ. ನಮ್ಮ ಮಾತಲ್ಲೇ ಕೇಳ್ತಾರೆ. ನೀನು ಪಕ್ಕದಲ್ಲೇ ಕೂತಿರು. ಬೇಡ ಅನ್ನಿಸಿದ ಗಳಿಗೆ ಸಾಕು ಅನ್ನು, ನಿಲ್ಲಿಸ್ತಾರೆ."

"ಮತ್ತೆ ಅವರಿಗೇನು ಸಿಗುತ್ತೆ?"

"ಮಕ್ಕಳು ಹೇಗೆ ಕಲೀತಾರೆ ಅಂತ ಗೊತ್ತಾದ್ರೆ ತಾನೇ ನಾನು ಹೇಗೆ ಕಲಿಸಬೇಕು ಅಂತ ಗೊತ್ತಾಗೋದು? ನೀನು ಬಂಡೆಗೆ ಬಡೀದೆ ದೋಣಿ ನಡೆಸಿದ್ದು ಯಾರೋ ಕಡಲಿನ ಆಳ ಅಳೆದು ನಕ್ಷೆ ಮಾಡಿಟ್ಟಿದ್ದಕ್ಕೆ."

"ಎರಡು ಸಲ ಬಡಿದಿದ್ದೀನಿ."

"ನಕ್ಷೆ ನೋಡದೆ ಇದ್ದಾಗ!"

ತೆಯೋನ ಬಾಯಿ ಹೂಂ ಅಂದಿತು, ಮನಸ್ಸು ಒಪ್ಪಲಿಲ್ಲ. ಡೆಲ್ಫೀನ್ ಸಹಿ ಹಾಕಿದ ಮರುದಿನದಿಂದಲೇ ತೆಯೋ ಗುಟ್ಟಾಗಿ ಮಗುವನ್ನು ಪರೀಕ್ಷೆಗೆ ತಯಾರು ಮಾಡತೊಡಗಿದ. ಹಲ್ಲುಜ್ಜುವಾಗ ಎಣಿಕೆ, ಗಂಜಿ ಉಣ್ಣುವಾಗ ಅಕ್ಷರ. "ಇದು ಯಾವ ಬಣ್ಣ? ಬೇಗ ಹೇಳು! ಕೆಂಪು ಅನ್ನು!" ಉತ್ತರವನ್ನೂ ಅವನೇ ಕೊಡುತ್ತಿದ್ದ. ನಾಲ್ಕನೆಯ ದಿನ ಒಡಿಲ್ ಮೇಜಿನ ಕೆಳಗೆ ಹೊಕ್ಕು, ಬೆಕ್ಕನ್ನು ಎದುರಿಗೆ ಕೂರಿಸಿಕೊಂಡು, ಹೊರಗೆ ಬರಲೇ ಇಲ್ಲ.

ಭಾನುವಾರ ಮಾತ್ರ ಪಾಠಕ್ಕೆ ರಜಾ. ಅಂದು ಮನೆಯಲ್ಲಿ ರಾಪ್ಯೂರ್, ಅಂದರೆ ಆಲೂಗಡ್ಡೆ ತುರಿದು ಕೋಳಿ ಹಾಕಿ ಬೇಯಿಸುವ ಅಡುಗೆ. ಅಜ್ಜ ಮೊಮ್ಮಗಳಿಬ್ಬರೂ ಆಲೂಗಡ್ಡೆ ಚೀಲ ಸುರಿದುಕೊಂಡು ಆರಿಸಲು ಕೂತರು. ಗೋಡೆಯಲ್ಲಿ ತೆಯೋನ ಹಳೆಯ ಹಿತ್ತಾಳೆ ಅಳತೆಪಟ್ಟಿ ತೂಗುತ್ತಿತ್ತು. ಕಡಲಲ್ಲಿ ಪ್ರತಿಯೊಂದು ಲಾಬ್‌ಸ್ಟರ್‌ನ ಬೆನ್ನಿಗೆ ಅದನ್ನು ಹಿಡಿದು ನೋಡಬೇಕು. ಅಳತೆಗೆ ಬಾರದ್ದನ್ನೂ ಹೊಟ್ಟೆಯಡಿ ಮೊಟ್ಟೆ ಹೊತ್ತದ್ದನ್ನೂ ಮರಳಿ ನೀರಿಗೆ ಬಿಡಬೇಕು. ಅದು ನಮ್ಮಲ್ಲಿನ ಕಾನೂನು. ಒಡಿಲ್ ಅದೇ ಪಟ್ಟಿಯನ್ನು ಆಲೂಗಡ್ಡೆಗೆ ಹಿಡಿದು ಸಣ್ಣವನ್ನು ಬೇರೆ ಹಾಕಿದಳು. ಅಜ್ಜ ತನ್ನ ಕಡಲಿನ ಕಥೆಗಳನ್ನು ಹರಟುತ್ತಲೇ ಇದ್ದ. ಇಬ್ಬರಿಗೂ ಅದು ಕಲಿಕೆ ಎಂದು ಅನ್ನಿಸಲಿಲ್ಲ.

ಮಂಗಳವಾರ ಬಂತು. ವಿಶ್ವವಿದ್ಯಾಲಯದಿಂದ ಶಿಶುವಿಹಾರಕ್ಕೆ ಬಂದವಳು ಮಿರೇಯ್ ಎಂಬ ಯುವತಿ. ಅವಳು ನೆಲದ ಮೇಲೆಯೇ ಕೂತು, "ನಿನಗೆ ಆಟ ಆಡೋಕೆ ಇಷ್ಟಾನಾ?" ಎಂದು ಮೊದಲು ಒಡಿಲ್‌ಳನ್ನೇ ಕೇಳಿದಳು. ಒಡಿಲ್ ತಲೆಯಾಡಿಸಿದಳು. ತೆಯೋ ಮಕ್ಕಳ ಕುರ್ಚಿಯ ಮೇಲೆ, ಮೊಣಕಾಲು ಕಿವಿಗೆ ತಾಗುವಂತೆ, ಚಹಾ ಹಿಡಿದು ಕೂತಿದ್ದ. ಮರ್ಲೀನ್ ಅವನ ಹಿಂದೆ ನಿಂತಿದ್ದಳು.

ಬುಟ್ಟಿಯ ತುಂಬ ಪ್ಲಾಸ್ಟಿಕ್ ಲಾಬ್‌ಸ್ಟರ್‌ಗಳು. "ಕೆಂಪಾಗಿರೋದೆಲ್ಲ ಈ ಬಕೆಟ್ಟಿಗೆ, ನೀಲಿ ಎಲ್ಲ ಆ ಬಕೆಟ್ಟಿಗೆ. ಸರೀನಾ?"

ಒಡಿಲ್ ಒಂದನ್ನು ಎತ್ತಿಕೊಂಡು, ಬೆನ್ನಿನ ಮೇಲೆ ಎರಡು ಬೆರಳಿಟ್ಟು ನೋಡಿ, ಭುಜದ ಮೇಲಿಂದ ಹಿಂದಕ್ಕೆ ಎಸೆದಳು. ಇನ್ನೊಂದನ್ನು ಎತ್ತಿಕೊಂಡು ನೋಡಿದಳು. ಅದೂ ಹಿಂದಕ್ಕೆ. ಮೂರನೆಯದು ಬಕೆಟ್ಟಿಗೆ. ನಾಲ್ಕನೆಯದು ನೇರವಾಗಿ ಅಜ್ಜನ ಚಹಾಕ್ಕೆ. ಚಹಾ ಚಾವಣಿಯವರೆಗೆ ಚಿಮ್ಮಿತು. ಕಲೆ ಇನ್ನೂ ಇದೆ, ಟಿಕೆಟ್ಟಿಲ್ಲದೆ ತೋರಿಸುತ್ತೇವೆ.

ಮಿರೇಯ್ ಏನೋ ಬರೆದುಕೊಂಡಳು. ತೆಯೋನಿಗೆ ಆ ಪೆನ್ನು ಕಂಡದ್ದೇ ತಡ, ಅರವತ್ತು ವರ್ಷದ ಹಿಂದಿನ ಬೆಂಚು ಮತ್ತೆ ಬೆನ್ನಿಗೆ ಒತ್ತಿತು.

"ಸಾಕು!" ಎಂದ. ಕಿಟಕಿಗಳು ನಡುಗಿದವು. "ಸಾಕು ಮಾಡಿ. ನಡಿ ಒಡಿಲ್, ಮನೆಗೆ."

ಮಿರೇಯ್ ಆ ಕ್ಷಣವೇ ಪೆನ್ನು ಕೆಳಗಿಟ್ಟು ಹಾಳೆ ಮುಚ್ಚಿದಳು. "ಆಯ್ತು ಅಜ್ಜ, ನಿಲ್ಲಿಸಿದೆ."

ತೆಯೋ ಜಗಳಕ್ಕೆ ಬೇಕಾದಷ್ಟು ಉಸಿರು ಎಳೆದುಕೊಂಡಿದ್ದ. ಎದುರಿಗೆ ಜಗಳವೇ ಇಲ್ಲದಿದ್ದರೆ ಮನುಷ್ಯ ಏನು ಮಾಡಬೇಕು? ನಿಂತೇ ಇದ್ದ.

"ಹೋಗೋ ಮುಂಚೆ ಮಗೂನ ಒಂದೇ ಒಂದು ಮಾತು ಕೇಳಲಾ? ಬೇಡ ಅಂದ್ರೆ ಬೇಡ," ಎಂದಳು ಮಿರೇಯ್.

ಸಾಕು ಅಂದೊಡನೆ ನಿಲ್ಲಿಸಿದವಳು, ನಂಬಬಹುದು ಎಂದು ತೆಯೋನಿಗೆ ಅನ್ನಿಸಿತು. ತಲೆಯಾಡಿಸಿದ.

"ಒಡಿಲ್, ಇವನ್ನೆಲ್ಲ ಯಾಕೆ ಎಸೆದೆ?"

ಒಡಿಲ್ ಮಾತಾಡಲಿಲ್ಲ. ತೆಯೋ ಅವಳ ಪರವಾಗಿ ಬಾಯಿ ತೆರೆದ. ಮರ್ಲೀನ್ ಹಿಂದಿನಿಂದ ಅವನ ಅಂಗಿ ಎಳೆದಳು. ಮಿರೇಯ್ ಸುಮ್ಮನೆ ಕಾದಳು. ತೆಯೋನೂ ಕಾದ. ಸುರೆಟ್ ವಂಶ ಈ ದಡಕ್ಕೆ ಬಂದಿಳಿದ ಮೇಲೆ ಆ ಮನೆತನದವರೊಬ್ಬರು ಒಂದು ಪೂರ್ತಿ ನಿಮಿಷ ಬಾಯಿ ಮುಚ್ಚಿದ್ದು ಅದೇ ಮೊದಲು. ಕಡಲು ಕೂಡ ಗಾಬರಿಯಾಗಿ ಅಲೆ ನಿಲ್ಲಿಸಿತು.

"ಇವು ಇನ್ನೂ ಪಾಪು," ಎಂದಳು ಒಡಿಲ್ ಮೆಲ್ಲಗೆ. "ಅಳತೆಗೆ ಬರಲ್ಲ. ಸಮುದ್ರಕ್ಕೆ ಹೋಗಿ ದೊಡ್ಡದಾಗಿ ಬರಲಿ." ಅಜ್ಜನ ಲೋಟದೊಳಗೆ ಇಣುಕಿದಳು. "ಇದು ದೊಡ್ಡದು. ಆದ್ರೆ ಹೊಟ್ಟೇಲಿ ಚುಕ್ಕಿ ಚುಕ್ಕಿ ಇದೆ ನೋಡು. ಮೊಟ್ಟೆ. ಅಮ್ಮಂದಿರನ್ನ ಹಿಡೀಬಾರದು. ಅಲ್ವಾ, ಪೆಪೇರ್?" ಅಜ್ಜನನ್ನು ಅವಳು ಕರೆಯುವುದೇ ಹಾಗೆ.

ತೆಯೋ ಲೋಟದಿಂದ ಲಾಬ್‌ಸ್ಟರ್ ತೆಗೆದು ತಿರುಗಿಸಿ ನೋಡಿದ. ಚುಕ್ಕಿಗಳಿದ್ದವು. ಮುಳ್ಳು ಚುಚ್ಚಿದ ಬಲೂನಿನಂತೆ ಅವನ ಮೈಯಿಂದ ಗಾಳಿಯೆಲ್ಲ ಇಳಿಯಿತು. ಮೊದಲು ಕಣ್ಣು ಒದ್ದೆಯಾಯಿತು, ಆಮೇಲೆ ನಗು ಬಂತು.

"ಅಲ್ವಾ ಮತ್ತೆ! ಹಿಡಿದ್ರೆ ದಂಡ ಹಾಕ್ತಾರೆ!"

ಮಿರೇಯ್ ಕೂಡ ನಗುತ್ತಿದ್ದಳು. "ನಾನು ಒಂದು ನಿಯಮ ಕೊಟ್ಟೆ, ಅವಳ ಹತ್ತಿರ ಅದಕ್ಕಿಂತ ಹಳೇ ನಿಯಮ ಇತ್ತು. ಇದು ತಪ್ಪಲ್ಲ ಅಜ್ಜ. ಮಗು ಯೋಚನೆ ಮಾಡೋ ದಾರಿ. ಅದನ್ನ ನೋಡೋಕೇ ನಾವು ಬರೋದು. ಈ ಊರಿಗೆ ಲಾಬ್‌ಸ್ಟರ್ ಆಟಿಕೆ ತಂದಿದ್ದು ನನ್ನದೇ ಪೆದ್ದುತನ. ಇವಳಿಗೆ ಇದನ್ನೆಲ್ಲ ಯಾರು ಕಲಿಸಿದ್ದು?"

"ಕಲಿಸಿಲ್ಲ ಕಣಮ್ಮ. ಕಲಿಸಿದ್ದು ಅಂದ್ರೆ ಎಣಿಕೆ. ಅದನ್ನ ಮೇಜಿನ ಕೆಳಗೆ ಬಿಟ್ಟುಬಂದಿದ್ದಾಳೆ. ಇದು ಸುಮ್ಮನೆ ಆಲೂಗಡ್ಡೆ ಆರಿಸ್ತಾ ಹರಟಿದ್ದು."

"ಆ ಹರಟೇನೇ ಪಾಠ ಕಣಯ್ಯ," ಎಂದಳು ಮರ್ಲೀನ್.

ತೆಯೋ ಹಾಳೆ ನೋಡಬೇಕೆಂದ. ಮಿರೇಯ್ ತೋರಿಸಿದಳು. ಹೆಸರಿರಲಿಲ್ಲ, ಹದಿನೇಳು ಎಂಬ ನಂಬರಿತ್ತು. ಅದರ ಮುಂದೆ: 'ಬೆರಳಿನಿಂದ ಗಾತ್ರ ಅಳೆಯುತ್ತಿದೆ. ಯಾಕೆಂದು ಕೇಳಬೇಕು.'

ಅವನು ಆ ಕೊನೆಯ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದ. "ನನ್ನ ಮೇಷ್ಟ್ರು ಈ ಒಂದು ಸಾಲು ಬರೆದಿದ್ದರೆ..." ಎಂದು ನಿಲ್ಲಿಸಿದ. ಕುರ್ಚಿಯ ಮೇಲೆ ಮತ್ತೆ ಮಡಚಿಕೊಂಡು ಕೂತ. "ಆಗಲೇ ಸಾಕು ಅಂದಿದ್ದೆನಲ್ಲ, ಅದನ್ನ ವಾಪಸ್ ತಗೊಂಡಿದ್ದೀನಿ. ಆಡಿಸಮ್ಮ. ಏ ಮರ್ಲೀನ್, ಇನ್ನೊಂದು ಚಹಾ ಕೊಡು. ಇದರಲ್ಲಿ ಲಾಬ್‌ಸ್ಟರ್ ಬಾಣಂತನ ಆಗಿದೆ."

ಓದುವ ಅಮ್ಮಂದಿರೇ, ಅಪ್ಪಂದಿರೇ, ಅದಕ್ಕಿಂತ ಮುಖ್ಯವಾಗಿ ಅಜ್ಜ ಅಜ್ಜಿಯರೇ, ನಿಮ್ಮೂರ ಅಂಗನವಾಡಿಗೋ ಶಿಶುವಿಹಾರಕ್ಕೋ ಇಂಥವರು ಬಂದರೆ ಹೆದರಬೇಡಿ. ಯಾರು, ಯಾಕೆ ಎಂದು ಕೇಳಿ. ಬರೆದದ್ದನ್ನು ಏನು ಮಾಡುತ್ತಾರೆ ಎಂದೂ ಕೇಳಿ. ತೃಪ್ತಿಯಾದರೆ ಮಾತ್ರ ಒಪ್ಪಿ, ಮಗುವಿನ ಪಕ್ಕದಲ್ಲೇ ಕೂತಿರಿ, ಬೇಡವೆನಿಸಿದರೆ ಸಾಕು ಎನ್ನಿ. ಮಗುವಿನ ಕಿವಿ, ಕಣ್ಣು, ಮಾತಿನ ಬಗ್ಗೆ ಅನುಮಾನವಿದ್ದರೆ ಇಂಥವರು ಬರಲೆಂದು ಕಾಯಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ಮನೆಯಲ್ಲಿ ಕಾಳು ಆರಿಸುವಾಗ, ಬಟ್ಟೆ ಮಡಚುವಾಗ ಮಗುವನ್ನು ಜೊತೆಗೆ ಕೂರಿಸಿಕೊಂಡು ಹರಟಿ. ಅದು ಏನನ್ನಾದರೂ ಎಸೆದರೆ ಬೈಯುವ ಮೊದಲು "ಯಾಕೆ ಪುಟ್ಟಾ?" ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕಾಯಿರಿ.

ತೆಯೋಫಿಲ್ ಸುರೆಟ್‌ನಂಥವನೇ ಒಂದು ನಿಮಿಷ ಕಾದಿದ್ದಾನೆ. ನಿಮ್ಮ ಕೈಲಿ ಆಗದೇನು?