ಎರೆಭೂತದ ಒಂದೇ ಮೊಟ್ಟೆ

ಮೈಲಮ್ಮ ಐದನೆಯ ತರಗತಿಗೆ ಶಾಲೆ ಬಿಟ್ಟವಳು. ತಾಯಿ ತೀರಿಕೊಂಡ ಮೇಲೆ ಮನೆಯ ಒಲೆ ಅವಳ ಪಾಲಿಗೆ ಬಂದಿತ್ತು. ಆವರಗೆರೆಯಲ್ಲಿ ಅವಳ ದನಿ ಕೇಳಿದವರು ಕಡಿಮೆ. ಆದರೂ ಭಾನುವಾರ ಬಂತೆಂದರೆ ಮೂವರು ಗಂಡಸರು ಅವಳ ಮಾತಿಗೆ ಕಾಯುತ್ತಿದ್ದರು: ಹರಿಹರದಿಂದ ರೈಲಿಗೆ ಬರುವ ನಿವೃತ್ತ ಮೇಷ್ಟ್ರು ಶಿವಯೋಗಪ್ಪ, ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿಯುವ ಭರಮಣ್ಣ, ಊರಿನ ಕುರಿಗಾಹಿ ಉಚ್ಚೆಂಗಪ್ಪ. ಕೆರೆ ಏರಿಯ ಮೇಲೆ ಕೂತು ಹಕ್ಕಿ ನೋಡುವುದು, ನೋಡಿದ್ದನ್ನು ಬರೆದಿಡುವುದು, ಇಷ್ಟೇ ಅವರ ಕೆಲಸ. ಮೇಷ್ಟ್ರ ದುರ್ಬೀನಿಗಿಂತ ಮೊದಲು ಮೈಲಮ್ಮನ ಕಣ್ಣಿಗೆ ಹಕ್ಕಿ ಬೀಳುತ್ತಿತ್ತು. ಅವಳು ಮೆಲ್ಲಗೆ ಹೇಳುವಳು, ಮೇಷ್ಟ್ರು ಬರೆಯುವರು.

"ಈಕಿ ವಾರಕ್ಕೊಮ್ಮೆ ಮಾತಾಡ್ತಾಳೆ, ಅದೂ ಕೊಕ್ಕರೆ ವಿಷಯ" ಎಂದು ಭರಮಣ್ಣ ಚೇಷ್ಟೆ ಮಾಡುತ್ತಿದ್ದ.

ಅವರಲ್ಲೊಂದು ಕಟ್ಟಳೆ ಇತ್ತು. ಗೂಡು ಕಂಡವರು ಆ ಜಾಗವನ್ನು ತಮ್ಮವರಿಗೂ ಹೇಳಕೂಡದು. ನಾಲ್ಕು ಜನ ಓಡಾಡಿದರೆ ಹಕ್ಕಿ ಗೂಡು ಬಿಡುತ್ತದೆ. ನಾಲ್ಕು ಬಾಯಿಗೆ ಬಿದ್ದರೆ ಸುದ್ದಿ ಬಂದೂಕಿನವರಿಗೆ ಮುಟ್ಟುತ್ತದೆ. ಉಚ್ಚೆಂಗಪ್ಪ ಅದನ್ನು ಒಮ್ಮೆ ಮಾತ್ರ ಸಡಿಲಿಸಿದ. ಊರಾಚೆಯ ಎರೆ ಬೀಳಿನಲ್ಲಿ ಎರೆಭೂತ ಮೊಟ್ಟೆ ಇಟ್ಟಿತ್ತು. ಸೊಂಟದೆತ್ತರದ ಹಕ್ಕಿ, ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಒಂದೇ ಮೊಟ್ಟೆ. ಉಚ್ಚೆಂಗಪ್ಪನ ಕಣ್ಣಿಗೆ ಪೊರೆ ಬಂದಿತ್ತು. ದೂರದಿಂದ ಕಾಣದು, ಹತ್ತಿರ ಹೋದರೆ ಹಕ್ಕಿ ಏಳುತ್ತದೆ. ಜಾಗ ಎಲ್ಲೆಂದು ಹೇಳದೆ ಮೇಷ್ಟ್ರ ಒಪ್ಪಿಗೆಯಷ್ಟೇ ಕೇಳಿ ಮೈಲಮ್ಮನನ್ನು ಕರೆದೊಯ್ದ.

"ಕೂತೈತೋ ಇಲ್ವೋ ದಿನಾ ದೂರದಿಂದ ನೋಡಿ ಹೇಳವ್ವ. ನಿನ್ನ ಬಾಯಿಂದ ಹೊರಗೆ ಹೋಗಲ್ಲ, ನಂಗೊತ್ತೈತೆ."

ಅವಳ ಅಪ್ಪ ತಿಪ್ಪೇರುದ್ರಪ್ಪನಿಗೆ ಆ ವರ್ಷ ಕೆಲಸವಿರಲಿಲ್ಲ. ಗಂಗಾವತಿ ಕಡೆ ಹೊಸ ಕಾಲುವೆಗೆ ನೀರು ಬಿಟ್ಟಿದ್ದರು. ಅಲ್ಲಿ ತೂಬು ಕಾಯುವ ಕೆಲಸ ಕೊಡಿಸುವೆನೆಂದು ಒಬ್ಬ ಗುತ್ತಿಗೆದಾರ ಆರು ತಿಂಗಳಿಂದ ಅಲೆಸುತ್ತಿದ್ದ. ಆತನಿಗೆ ಶಿಕಾರಿಯ ಹುಚ್ಚು. ಒಂದು ಸಂಜೆ ರೊಟ್ಟಿ ತಿನ್ನುತ್ತ ಅಪ್ಪ ಕೇಳಿದ, "ಅಲ್ಲವ್ವ ಮೈಲಿ, ಆ ಬೀಳಿನಾಗೆ ದಿನಾ ಏನು ನೋಡ್ತೀ ನೀನು?"

ಹದಿನೆಂಟು ವರ್ಷದಲ್ಲಿ ಅಪ್ಪ ಅವಳನ್ನು ಹೀಗೆ ಏನನ್ನೂ ಕೇಳಿರಲಿಲ್ಲ. ಬಿಸಿಲೇರಿದಾಗ ಹಕ್ಕಿ ರೆಕ್ಕೆ ಸಡಿಲಿಸಿ ಮೊಟ್ಟೆಗೆ ನೆರಳು ಮಾಡುವುದನ್ನು ಹೇಳಿದಳು. ಎರಡು ಜಾಲಿಗಿಡದ ನಡುವೆ, ಹಳ್ಳದಿಂದ ನೂರು ಮಾರು ಎಂದೂ ಹೇಳಿದಳು. ಅಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದ.

ಮೂರನೆಯ ದಿನ ಬೀಳಿಗೆ ಜೀಪು ಬಂತು. ಮೈಲಮ್ಮ ಹೋಗುವಷ್ಟರಲ್ಲಿ ಅಲ್ಲಿ ಗಾಲಿಯ ಗುರುತು, ಗರಿ, ರಕ್ತ. ಮೊಟ್ಟೆ ಇದ್ದಲ್ಲೇ ಇತ್ತು. ಮುಟ್ಟಿದಳು, ತಣ್ಣಗಿತ್ತು. ಆ ವಾರವೇ ಗುತ್ತಿಗೆದಾರನಿಂದ ಅಪ್ಪನಿಗೆ ಕೆಲಸದ ಕಾಗದ ಬಂತು.

ಭಾನುವಾರದ ಹೊತ್ತಿಗೆ ಸುದ್ದಿ ಕೆರೆ ಏರಿಗೂ ಮುಟ್ಟಿತ್ತು. ಮೇಷ್ಟ್ರು ಉಚ್ಚೆಂಗಪ್ಪನ ಕಡೆ ತಿರುಗಿದರು. "ಇಬ್ಬರಿಗೇ ಗೊತ್ತಿದ್ದ ಜಾಗ. ಈ ಹುಡುಗಿ ಮಾತೇ ಆಡೋಳಲ್ಲ. ಜೀಪಿನೋರು ಏನು ಕೊಟ್ರಪ್ಪ ಉಚ್ಚೆಂಗಪ್ಪ?"

"ಮೇಷ್ಟ್ರೇ, ನನ್ನ ಕುರಿ ಆಣೆಗೂ..."

"ಆಣೆ ಬ್ಯಾಡ" ಎಂದ ಭರಮಣ್ಣ. "ಜೀಪಿನ ಹತ್ರ ನಿಂತು ಬೀಡಿ ಹಚ್ಚಿದ್ದು ನೋಡಿದೋರು ಅದಾರೆ."

"ಹಳ್ಳದ ಹಾದಿ ಕೇಳಿದ್ರು, ತೋರಿಸ್ದೆ. ಬೀಡಿ ಕೊಟ್ರು, ಸೇದಿದೆ."

ಉಚ್ಚೆಂಗಪ್ಪ ಮೈಲಮ್ಮನ ಕಡೆ ತಿರುಗಿದ. ತಾನಲ್ಲವೆಂದ ಮೇಲೆ ಮತ್ತಾರೆಂದು ಅವನಿಗೆ ತಿಳಿಯದೆ ಇರಲಿಲ್ಲ. ಅವಳು ಸೆರಗಿನ ಅಂಚು ನೋಡುತ್ತ ಕೂತಿದ್ದಳು. ಅವನು ಕಂಬಳಿ ಕೊಡವಿ ಎದ್ದು ಹೋದ. ಮತ್ತೆ ಯಾವ ಭಾನುವಾರವೂ ಬರಲಿಲ್ಲ.

ಅಪ್ಪನ ಜೊತೆ ಗಂಗಾವತಿಗೆ ಹೊರಡುವ ದಿನ ಹರಿಹರದಲ್ಲಿ ಹೊಸಪೇಟೆ ಬಸ್ಸು ಹಿಡಿಯಬೇಕಿತ್ತು. ಮೇಷ್ಟ್ರೂ ಭರಮಣ್ಣನೂ ಕಳಿಸಿಕೊಡಲು ಬಂದಿದ್ದರು. ಅಪ್ಪ ಟ್ರಂಕು ಹಿಡಿದು ಬಸ್ಸಿನ ಕಡೆ ಹೋದ.

"ಹೊಸ ನೀರಿನ ಸೀಮೆ ತಂಗಿ" ಎಂದ ಭರಮಣ್ಣ. "ಬಾತು ಎಣಿಸಿ ಎಣಿಸಿ ನಿನ್ನ ಬೆರಳು ಸವೀತಾವೆ ನೋಡು."

ಮೇಷ್ಟ್ರು ಮಡಿಸಿದ ಕಾಗದವೊಂದನ್ನು ಅವಳ ಕೈಗಿಟ್ಟರು. "ಗಂಗಾವತಿಯಾಗೆ ನನ್ನ ಶಿಷ್ಯ ಒಬ್ಬ ಅದಾನೆ. ಐದಾರು ಜನ ಕೂಡಿ ಹಕ್ಕಿ ನೋಡ್ತಾರೆ. ಹೆಣ್ಣುಮಗಳು ಅಂತ ದೂರ ಇಡಬ್ಯಾಡ್ರಿ, ಈಕಿ ಕಣ್ಣೂ ನಂಬಬೌದು, ಬಾಯೂ ನಂಬಬೌದು ಅಂತ ಬರದೀನಿ."

ಆ ಕಾಗದವಿಲ್ಲದೆ ಪರವೂರಿನ ಗಂಡಸರ ನಡುವೆ ಹೋಗಿ ನಿಲ್ಲುವುದು ತನ್ನಿಂದಾಗದೆಂದು ಮೈಲಮ್ಮನಿಗೆ ಗೊತ್ತಿತ್ತು. ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ಉಚ್ಚೆಂಗಪ್ಪ ಕಾಕ ಬರ್ಲಿಲ್ಲೇನ್ರಿ?"

"ಅವನ ಹೆಸರು ಎತ್ತಬ್ಯಾಡ" ಎಂದ ಭರಮಣ್ಣ. "ಎದುರಿಗೆ ಬಂದ್ರೆ ನಾನು ಹಾದಿ ಬಿಟ್ಟು ನಡೀತೀನಿ."

"ಕಾಕ ಅಲ್ಲ. ನಾನು ಹೇಳ್ದೆ ಮೇಷ್ಟ್ರೇ. ನಮ್ಮಪ್ಪಗೆ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು.

"ಅವತ್ತು ಯಾಕ ಸುಮ್ನಿದ್ದಿ?"

"ನೀವು ಮತ್ತೆ ನನ್ನ ಏರಿಗೆ ಕರಿಯಲ್ಲ ಅಂತ."

ಮೇಷ್ಟ್ರು ಕೈ ಚಾಚಿದರು. ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಬೆವರಿಗೆ ಮೆತ್ತಗಾಗಿದ್ದ ಕಾಗದವನ್ನು ಅವಳು ಹಿಂದಕ್ಕೆ ಕೊಟ್ಟಳು.

"ಹಕ್ಕಿ ನೋಡಬ್ಯಾಡ ಅನ್ನಂಗಿಲ್ಲ. ಒಬ್ಬಳೇ ನೋಡು" ಎಂದರು. ಭರಮಣ್ಣನಿಗೆ, "ನಡಿ, ಆವರಗೆರೆಗೆ ಹೋಗಾಣ. ಉಚ್ಚೆಂಗಪ್ಪ ಮನೆಯೊಳಗೆ ಬಿಟ್ಕಂತಾನೋ ಇಲ್ಲೋ" ಎಂದು ಹೇಳಿ ನಡೆದುಬಿಟ್ಟರು. ಅವರು ಕಣ್ಮರೆಯಾಗುವವರೆಗೆ ನೋಡಿ ಮೈಲಮ್ಮ ಬಸ್ಸು ಹತ್ತಿದಳು.

ಅಪ್ಪ ಅವಳಿಗೆಂದು ಕಿಟಕಿ ಪಕ್ಕ ಜಾಗ ಹಿಡಿದಿದ್ದ. "ಗಾಳಿ ಬರ್ತೈತೆ ಬಾರವ್ವ" ಎಂದ. ಅವಳು ಕಿಟಕಿ ಬಿಟ್ಟು ಈಚೆ ತುದಿಗೆ ಕೂತಳು. ಊರು ದಾಟಿ ಹೊಲಗಳು, ತಂತಿಯ ಮೇಲೆ ಕೂತ ಹಕ್ಕಿಗಳು ಬಂದವು. ಎದುರು ಸೀಟಿನ ಕಬ್ಬಿಣದ ಸರಳಿನಿಂದ ಅವಳು ಕಣ್ಣು ತೆಗೆಯಲಿಲ್ಲ.