ಮನೆಮಗಳ ಪಾಸ್‌ಪೋರ್ಟ್

ತೊಂಬತ್ತೊಂಬತ್ತರ ಗೌರಿಹಬ್ಬ. ವಿಲಾಯತಿಯ ವೂಲಿಚ್‌ನ ಏರಿನ ಮೇಲಿದ್ದ ಡಾಕ್ಟರ್ ಗೋಪೀನಾಥರ ಮನೆ ತುಂಬ ನೆಂಟರಿಷ್ಟರು. ಕಾರ್ಕಳದ ಕಡೆಯ ಗುಲಾಬಿ ಬೆಳಗಿನಿಂದ ಒಲೆಯ ಮುಂದೆ ನಿಂತೇ ಇದ್ದಳು.

"ಇವಳು ಕೆಲಸದವಳಲ್ಲರೀ, ನಮ್ಮ ಮನೆಮಗಳು," ಎಂದರು ಡಾಕ್ಟರರ ಹೆಂಡತಿ ವೈದೇಹಿ. "ಸಂಬಳ ಅಂತ ಕೊಟ್ಟು ಅವಮಾನ ಮಾಡೋಕಾಗತ್ತಾ?"

ಊರಿಂದ ಒಬ್ಬಳನ್ನು ಕರೆತಂದು ಹೀಗೆ ಇಟ್ಟುಕೊಳ್ಳುವುದು ಕೆಲವು ಮನೆಗಳ ವಾಡಿಕೆ. ಸಿಹಿಮಾತಿನಷ್ಟು ಅಗ್ಗದ ಸಂಬಳ ಬೇರಿಲ್ಲ. ಗುಲಾಬಿ ಮಲಗುವುದು ಅಡಿಗೆಮನೆಯ ನೆಲದ ಮೇಲೆ. ಅವಳ ಪಾಸ್‌ಪೋರ್ಟ್ ಬೀರುವಿನಲ್ಲಿ, ಬೀಗದ ಕೈ ವೈದೇಹಿಯ ಸೊಂಟದಲ್ಲಿ. ಒಬ್ಬಳೇ ಹೊರಗೆ ಹೋದರೆ ಪೊಲೀಸರು ಹಿಡಿಯುತ್ತಾರೆಂದು ಹೆದರಿಸಿಟ್ಟಿದ್ದರು.

"ಮಗಳನ್ನು ಊರಿಗೆ ಯಾವಾಗ ಕಳಿಸ್ತೀರಿ?" ಊಟಕ್ಕೆ ಬಂದಿದ್ದ, ಇದೆಲ್ಲ ಗೊತ್ತಿದ್ದ ನರ್ಸ್ ಲವಿಟಾ ಕೇಳಿದಳು. ಅವಳೂ ಗುಲಾಬಿಯ ಊರ ಕಡೆಯವಳೇ.

"ಅಲ್ಲೇನಿದೆ ಅವಳಿಗೆ? ಇಲ್ಲಿ ಸುಖವಾಗಿದ್ದಾಳೆ."

ಲವಿಟಾ ಪಾಯಸದ ಬಟ್ಟಲು ಚಾಚಿ, ನಗುನಗುತ್ತಲೇ ಗುಲಾಬಿಗೆ ತುಳುವಿನಲ್ಲಿ ಹೇಳಿದಳು: "ತಲೆ ಎತ್ತಬೇಡ. ಈ ಏರಿನ ಬುಡದಲ್ಲೇ ಹೊಳೆ. ದಾಟಿಸುವ ಹಡಗು ಉಂಟು, ದುಡ್ಡು ಕೇಳುವುದಿಲ್ಲ. ಕಸ ಹೊರಗಿಡುವ ದಿನ ಬೆಳಿಗ್ಗೆ ಆಚೆ ದಡದಲ್ಲಿ ಇರ್ತೇನೆ. ಪೊಲೀಸರು ನಿನ್ನನ್ನು ತಿನ್ನುವುದಿಲ್ಲ ಮಾರಾಯ್ತಿ. ನಿನ್ನ ಪರ ಮಾತಾಡುವವರಿದ್ದಾರೆ."

"ಏನಂತೆ?" ಎಂದರು ತುಳು ಬಾರದ ವೈದೇಹಿ.

"ನಿಮ್ಮ ಪಾಯಸ ಹೊಗಳಿದೆ."

ವೈದೇಹಿ ಹಿಗ್ಗಿ ಇನ್ನೊಂದು ಸೌಟು ಬಡಿಸಿದರು.

ಕಸದ ದಿನ ಬಂತು. ಚೀಲ ಹಿಡಿದು ಗೇಟಿಗೆ ಬಂದ ಗುಲಾಬಿಯ ಕಾಲು ಅಲ್ಲಿ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಪೊಲೀಸ್ ಕಾರೊಂದು ಎದುರಾದಾಗ ಬೇಲಿಗೆ ಒತ್ತಿ ನಿಂತಳು. ಕಾರು ತನ್ನಷ್ಟಕ್ಕೆ ಹೋಯಿತು. ನಡೆದು ಬಂದವರನ್ನು ಹಡಗಿಗೆ ನೇರವಾಗಿ ಬಿಡುತ್ತಿದ್ದರು. ಅವಳು ಹತ್ತಿ ತಿರುಗಿ ನೋಡಿದಳು. ಹಡಗು ಹತ್ತಲು ಕಾದಿದ್ದ ಲಾರಿಗಳ ಸಾಲಿನ ಹಿಂದೆ ವೈದೇಹಿಯ ಕಾರು ಸಿಕ್ಕಿಬಿದ್ದಿತ್ತು. ವೈದೇಹಿ ನೈಟಿಯ ಮೇಲೆ ಕೋಟು ಹಾಕಿಕೊಂಡು ಓಡಿಬರುತ್ತಿದ್ದರು.

"ಗುಲಾಬೀ! ಮನೆಮಗಳು ಹೀಗಾ ಮಾಡೋದು? ಬಾ, ಬಯ್ಯೋದಿಲ್ಲ. ಪಾಸ್‌ಪೋರ್ಟ್ ಇಲ್ದೆ ಎಲ್ಲಿಗೆ ಹೋಗ್ತೀಯ?"

ಗುಲಾಬಿ ಹಡಗಿನಿಂದಲೇ ಕೂಗಿದಳು. "ಮಾಳವಿಕಾ ನಿಮ್ಮ ಹೆತ್ತ ಮಗಳು. ಅವಳನ್ನು ನೆಲದ ಮೇಲೆ ಮಲಗಿಸ್ತೀರಾ ಅಮ್ಮ? ಅವಳ ಪಾಸ್‌ಪೋರ್ಟಿಗೆ ಬೀಗ ಉಂಟಾ? ನಾನು ಬರುವುದಿಲ್ಲ."

ಹಡಗಿನವನು ಗೇಟು ಎಳೆದ. ನಡುವೆ ನೀರು ಅಗಲವಾಗುತ್ತ ಹೋಯಿತು.

ಆಚೆ ದಡದಲ್ಲಿ ಯಾರೂ ಕಾಣಲಿಲ್ಲ. ಗುಲಾಬಿ ಇಳಿದು ಅತ್ತಿತ್ತ ಹುಡುಕಿದಳು. ಆಮೇಲೆ ಬಸ್‌ಸ್ಟಾಪಿನ ಕಡೆಯಿಂದ ಲವಿಟಾ ಓಡೋಡಿ ಬಂದಳು, ಇವಳ ಕೈ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ, ಅವರ ಕಸವನ್ನೂ ಹೊತ್ತು ತಂದೆಯಾ! ಅದನ್ನಾದರೂ ಬಿಡು ಮಾರಾಯ್ತಿ."

ಸೆಟೆದುಕೊಂಡಿದ್ದ ಬೆರಳುಗಳನ್ನು ಲವಿಟಾಳೇ ಒಂದೊಂದಾಗಿ ಬಿಡಿಸಬೇಕಾಯಿತು.