ಅಕ್ಕ ಬಿಡಿಸಿದ ಹೂ

“ಅದೇ ಪೆಟ್ಟಿಗೆ, ಅದೇ ಮೇಜು, ಅದೇ ನಾನು. ಬೇರೆ ಕಂಪ್ಯೂಟರ್ ಹೇಗಾಗುತ್ತಪ್ಪಾ?” ಎಂದು ಅವಳು ಫೋನಿನಲ್ಲಿ ಮೂರನೆಯ ಸಲ ಕೇಳಿದಳು.

“ನೀವು ಅದೇ ಮೇಡಂ. ಒಳಗಿನ ಬೋರ್ಡ್ ಬದಲಾಗಿದೆಯಲ್ಲ, ಹಾಗಾಗಿ ಸಾಫ್ಟ್‌ವೇರಿಗೆ ಇದು ಬೇರೆ ಕಂಪ್ಯೂಟರ್,” ಎಂದ ಕಸೂತಿ ಸಾಫ್ಟ್‌ವೇರ್ ಕಂಪನಿಯ ಹುಡುಗನ ದನಿಯಲ್ಲಿ ಬೇಸರವೂ ಇರಲಿಲ್ಲ, ಕನಿಕರವೂ ಇರಲಿಲ್ಲ. “ಅದಕ್ಕೇ ಹಳೇ ಡಿಸೈನುಗಳಿಗೆ ಬೀಗ ಬಿದ್ದಿದೆ. ಪರದೆ ಮೇಲೆ ಹೊಸ ಕರಾರು ಕಳಿಸಿದೀನಿ. ‘ಒಪ್ಪಿದ್ದೇನೆ’ ಒತ್ತಿ, ತೆರ್ಕೊಳ್ಳುತ್ತೆ.”

ಕಸೂತಿ ಯಂತ್ರದ ಪಕ್ಕದಲ್ಲಿ ನಾಲ್ಕು ದಿಂಬಿನ ಗವಸುಗಳಿದ್ದವು. ಮೂರರ ಮೇಲೆ ಹೂ ಅರಳಿತ್ತು. ಅಷ್ಟರಲ್ಲಿ ಕಂಪ್ಯೂಟರ್ ಕೆಟ್ಟು, ನಾಲ್ಕನೆಯದು ಬೋಳಾಗಿ ಉಳಿದಿತ್ತು. ಹೊಸ ಮನೆಗೆ ಹೋಗುತ್ತಿರುವ ಅಕ್ಕನ ಮಗಳು ಕೇಳಿದ್ದು ಇಷ್ಟೇ: “ಚಿಕ್ಕಮ್ಮ, ಅಮ್ಮನ ಹೂವೇ ಬೇಕು.” ನಾಳೆ ಬೆಳಿಗ್ಗೆ ಬಂದು ಒಯ್ಯುತ್ತಾಳೆ. ಸಾಯುವ ಎರಡು ತಿಂಗಳ ಮುಂಚೆ ಅಕ್ಕ ಇದೇ ಕುರ್ಚಿಯಲ್ಲಿ ಕೂತು, ಮೌಸನ್ನು ಬೈಯುತ್ತಾ ಬಿಡಿಸಿದ ಹೂ ಅದು. ಈಗ ಅದನ್ನು ಆ ಪೆಟ್ಟಿಗೆಯೊಳಗಿಂದ ಬಿಡಿಸಿಕೊಂಡು ಬರಬೇಕಾಗಿತ್ತು.

ವಕೀಲೆಯಾಗಿದ್ದ ನಾದಿನಿ ಸಂಜೆ ಬಂದವಳೇ ಕನ್ನಡಕ ಏರಿಸಿ ಕರಾರನ್ನೆಲ್ಲ ಓದಿದಳು.

“ಹೀಗೆ ಬೀಗ ಬೀಳುತ್ತೆ ಅಂತ ಮಾರೋವಾಗ ಹೇಳಿದ್ರಾ ಅತ್ತಿಗೆ?”

“ಇಲ್ಲಮ್ಮ.”

“ಹಾಗಾದ್ರೆ ಅದನ್ನ ಪ್ರಶ್ನಿಸಬಹುದು. ಸಾಫ್ಟ್‌ವೇರ್ ಅವರದು, ಸರಿ. ಹೂ ಅವರದಲ್ಲವಲ್ಲ.”

“ಬೀಗ ಒಡೆಸಿಬಿಡ್ಲಾ? ಬೋರ್ಡ್ ಹಾಕಿದ ರಿಪೇರಿಯವನು ಹತ್ತು ನಿಮಿಷದ ಕೆಲಸ ಅಂದ.”

“ಅಯ್ಯೋ, ಸುಮ್ನಿರಿ. ಅವರು ಬೀಗ ಹಾಕಿದ್ದು ತಪ್ಪು ಅಂದ ಮಾತ್ರಕ್ಕೆ ನಾವು ಒಡೆದದ್ದು ಸರಿ ಅಂತ ಆಗಿಬಿಡಲ್ಲ.”

“ಮತ್ತೆ ಒಪ್ಪಿದ್ದೇನೆ ಅಂತ ಒತ್ತಲಾ?”

“ಒತ್ತಿದ್ರೆ ಹೂ ಸಿಗುತ್ತೆ. ಆದ್ರೆ ಬೀಗ ಸರಿ ಅಂತ ನೀವೇ ಒಪ್ಪಿದ ಹಾಗೂ ಆಗಬಹುದು. ನಾಳೆ ಮತ್ತೆ ಹಾಕಿದ್ರೆ ಕೇಳೋ ಹಾಗಿಲ್ಲ.”

“ಆಗಬಹುದಾ, ಆಗುತ್ತಾ? ಒಂದು ಹೇಳೇ ಮಾರಾಯ್ತಿ!”

“ಅದು ವಾದ ಮಾಡಿದ ಮೇಲೇ ಗೊತ್ತಾಗೋದು,” ಎಂದು ನಾದಿನಿ ನಕ್ಕಳು. ಅತ್ತಿಗೆಗೆ ನಗು ಬರಲಿಲ್ಲ. ಇಷ್ಟು ವರ್ಷ ಎಷ್ಟು ಕಡೆ ಓದದೆಯೇ ಒಪ್ಪಿದ್ದೇನೆ ಎಂದಿದ್ದೇನೋ, ಯಾವುದಕ್ಕೆಲ್ಲ ಒಪ್ಪಿಬಿಟ್ಟಿದ್ದೇನೋ ಎಂದು ತಲೆ ಗಿರ್ರೆಂದಿತು. ಈಗ ಓದಿದರೂ ಒಂದು ಸಾಲು ಇನ್ನೊಂದು ಸಾಲಿನ ಬಾಯಿ ಮುಚ್ಚಿಸುವ ಹಾಗಿತ್ತು.

ನಾದಿನಿ ಹೋದ ಮೇಲೆ ಅವಳ ಬೆರಳು ಮೌಸಿನ ಮೇಲೆ ಬಹಳ ಹೊತ್ತು ಕೂತಿತು. ಆಮೇಲೆ ಎದ್ದು, ಹೂವಿದ್ದ ಒಂದು ಗವಸನ್ನು ಕೈಗೆತ್ತಿಕೊಂಡು ಒಳಮಗ್ಗುಲು ಹೊರಗೆ ಮಾಡಿದಳು. ದಾರ ಎಲ್ಲಿ ಹೊರಟು ಎಲ್ಲಿಗೆ ಹಾರಿದೆಯೆಂಬುದೆಲ್ಲ ಅಲ್ಲಿ ಬಯಲಾಗಿತ್ತು. ನಾಲ್ಕನೆಯ ಎಸಳು ಮುಗಿಸಿದ ದಾರ ಐದನೆಯದಕ್ಕೆ ಹೋಗದೆ, ಯಾಕೋ ತೊಟ್ಟಿನವರೆಗೆ ಇಳಿದು ಮತ್ತೆ ಮೇಲೇರಿತ್ತು. ಅಕ್ಕ ಏನೋ ಮರೆತು ತಿರುಗಿ ಬಂದಳೋ, ಬೇಕೆಂದೇ ಹಾಗೆ ಬಂದಳೋ, ತಿಳಿಯಲಿಲ್ಲ.

ಬೋಳು ಗವಸನ್ನು ಮಡಿಲಲ್ಲಿ ಹರಡಿಕೊಂಡು, ಕಿಟಕಿಯ ಕೊನೆಯ ಬೆಳಕಿಗೆ ಹಿಡಿದು ಕೈಸೂಜಿಗೆ ದಾರ ಪೋಣಿಸಿದಳು. ನಾಲ್ಕು ಎಸಳು ಮುಗಿಯುವ ಹೊತ್ತಿಗೆ ಕೋಣೆಯಲ್ಲಿ ಬೆಳಕು ಉಳಿದಿದ್ದದ್ದು ಆ ಕರಾರಿನ ಪರದೆಯದು ಮಾತ್ರ. ಕುರ್ಚಿಯನ್ನು ಅದರ ಹತ್ತಿರಕ್ಕೆ ಎಳೆದುಕೊಂಡು, ದಾರವನ್ನು ತೊಟ್ಟಿನ ಕಡೆಗೆ ಇಳಿಸಿದಳು.